ಪ್ಯಾಸೇಜಿನಲ್ಲಿ ಕೊಬ್ಬರಿ ಬಂದಿತ್ತು

"ಅಜ್ಜೀ, ಪ್ಯಾಸೇಜಲ್ಲಿ ಕೊಬ್ಬರಿ ಬಂದಿತ್ತು!"

ತುಮಕೂರಿನ ಪರೀಕ್ಷಾ ಕೇಂದ್ರದ ಗೇಟಿನಿಂದ ಹೊರಗೆ ಬಂದ ನನ್ನ ಮೊಮ್ಮಗಳು ಸಹನಾ ಹೇಳಿದ ಮೊದಲ ಮಾತು ಇದು. ನಗುತ್ತಾ ಹೇಳಿದಳು. ಬೆಳಿಗ್ಗೆ ಒಳಗೆ ಬಿಡುವಾಗ ಕಿವಿಯ ಓಲೆ ಬಿಚ್ಚಿಸಿದ್ದರು. ಅದನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಆ ಗಂಟನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಆಚೆ ನಿಂತಿದ್ದೆ. ನನ್ನಂಥ ತಾಯಂದಿರು, ಅಜ್ಜಿಯರು ಒಂದು ಸಂತೆಯಷ್ಟು ಜನ ಇದ್ದರು. ಯಾರ ಮುಖದಲ್ಲೂ ರಕ್ತವಿರಲಿಲ್ಲ.

ನಮ್ಮ ಯಜಮಾನರು ಅಲ್ಲಿಯೇ ಕೈ ತಟ್ಟಿಬಿಟ್ಟರು. "ಕೊಬ್ರಿನಾ? ಹಂಗಾರೆ ಗೆದ್ದಂಗೇ ಬುಡವ್ವ! ತಿಪಟೂರು ಸೀಮೆ ಮಗೀಗೆ ಕೊಬ್ರಿ ಕೇಳೋದಾ ಅವ್ರು?"

ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೆಲವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ತೆಂಗಿನ ತೋಟದ ಮನೆಯ ಹುಡುಗಿಗೆ ಕೊಬ್ಬರಿಯ ಮೇಲೆ ಪ್ರಶ್ನೆ ಬಂದರೆ ಅಜ್ಜಿಯಾದವಳು ಹೆದರುತ್ತಾಳೆಯೇ? ಹೆದರುತ್ತಾಳೆ. ಅವತ್ತಿನಿಂದ ಹೋದ ವಾರದವರೆಗೆ ನಾನು ಹೆದರಿಕೊಂಡೇ ಅನ್ನ ಉಂಡಿದ್ದೇನೆ.

(ಸೀಟು ಸಿಕ್ಕಿತೋ ಇಲ್ಲವೋ ಎಂದು ಈಗಲೇ ಕೇಳಬೇಡಿ. ಹೇಳದೆ ಇರುವುದು ನಿಮಗಿಂತ ನನಗೇ ಕಷ್ಟವಾಗುತ್ತಿದೆ. ಪೆನ್ನು ಕೈಯಲ್ಲಿ ನಿಲ್ಲುತ್ತಿಲ್ಲ. ಸ್ವಲ್ಪ ತಡೆದುಕೊಳ್ಳಿ, ನಾನೂ ತಡೆದುಕೊಳ್ಳುತ್ತೇನೆ.)

ಮೊದಲಿನಿಂದ ಹೇಳುತ್ತೇನೆ.

ಪಿಯುಸಿ ಮುಗಿದ ಮೇಲೆ ಟೀಚರ್ ಆಗಬೇಕು ಎಂಬುದು ಸಹನಾಳ ಆಸೆ. ಅದಕ್ಕೆ ನಾಲ್ಕು ವರ್ಷದ ಒಂದು ಕೋರ್ಸು ಇದೆಯಂತೆ. ಡಿಗ್ರಿ, ಟೀಚರ್ ಟ್ರೈನಿಂಗ್ ಎರಡೂ ಒಟ್ಟಿಗೆ. ಅದಕ್ಕೆ ಸೇರಲು ದೇಶಕ್ಕೆಲ್ಲ ಒಂದೇ ಎಂಟ್ರೆನ್ಸ್ ಪರೀಕ್ಷೆ. ಕಂಪ್ಯೂಟರ್ ಮುಂದೆ ಕೂತು ಉತ್ತರ ಒತ್ತಬೇಕು. ತಪ್ಪು ಒತ್ತಿದರೆ ಸೊನ್ನೆ ಕೊಟ್ಟು ಸುಮ್ಮನಾಗುವುದಿಲ್ಲ, ಬಂದಿರುವ ಮಾರ್ಕ್ಸಿನಲ್ಲೂ ಕಿತ್ತುಕೊಳ್ಳುತ್ತಾರೆ. ಇದು ಯಾವ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ಅದರಲ್ಲಿ ಒಂದು ಪೇಪರು ಭಾಷೆಯದು. ಸಹನಾ ಕನ್ನಡವನ್ನೇ ಆರಿಸಿಕೊಂಡಿದ್ದಳು. ಅರ್ಧ ಪುಟದ ಗದ್ಯ ಕೊಡುತ್ತಾರೆ. ಪ್ಯಾಸೇಜು ಅನ್ನುತ್ತಾರೆ. ಓದಬೇಕು, ಕೆಳಗಿನ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಅಷ್ಟೇ. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. "ಕನ್ನಡಕ್ಕೆ ಯಾಕವ್ವ ಪ್ರಾಕ್ಟೀಸು? ಬೆಳಗಾದ್ರೆ ಆಡೋ ಮಾತು" ಎಂದರು ಯಜಮಾನರು. ನಾನೂ ಹಾಗೆಯೇ ಅಂದುಕೊಂಡೆ. ನಾಲ್ಕನೇ ಕ್ಲಾಸು ಓದಿದ ನಾನೇ ವಾರ ವಾರ ಪತ್ರಿಕೆಗೆ ಇಷ್ಟುದ್ದ ಬರೆಯುತ್ತೇನೆ, ನೀವೂ ಸಹಿಸಿಕೊಂಡು ಓದುತ್ತೀರಿ. ಪಿಯುಸಿ ಓದಿದ ಹುಡುಗಿಗೆ ಅರ್ಧ ಪುಟ ಕಷ್ಟವೇ?

ಕಷ್ಟವಾಯಿತು. ಪ್ರಾಕ್ಟೀಸ್ ಪರೀಕ್ಷೆಯಲ್ಲಿ ಬೇರೆಲ್ಲ ಪೇಪರಿನಲ್ಲಿ ಮುಂದಿದ್ದವಳು ಕನ್ನಡದಲ್ಲಿ ಕೆಳಗೆ ಬಿದ್ದಳು. ಎರಡನೇ ಸಲವೂ ಹಾಗೆಯೇ. ತಿಪಟೂರಿನಲ್ಲಿ ಅವಳಿಗೆ ಪಾಠ ಹೇಳುತ್ತಿದ್ದ ನಾಗರತ್ನ ಮೇಡಂ ಉತ್ತರಗಳನ್ನೆಲ್ಲ ನೋಡಿ ಹೇಳಿದರಂತೆ: "ನೀನು ಓದ್ತಾ ಇಲ್ಲ ಸಹನಾ. ನೆನಪು ಮಾಡ್ಕೋತಾ ಇದೀಯ. ನಿನಗೆ ಗೊತ್ತಿರೋದನ್ನ ಯಾರೂ ಕೇಳ್ತಿಲ್ಲ. ಅಲ್ಲಿ ಏನು ಬರೆದಿದೆ ಅಷ್ಟನ್ನ ಹೇಳು." ಮನೆಯಲ್ಲಿ ಯಾರಿಗಾದರೂ ಪ್ಯಾಸೇಜು ಓದಿ ಹೇಳು, ಅವರ ಹತ್ತಿರ ಉತ್ತರ ಹೇಳಿಸು, ಅವರು ಎಲ್ಲಿ ತಪ್ಪುತ್ತಾರೆ ನೋಡು, ನಿನ್ನ ತಪ್ಪು ನಿನಗೇ ಕಾಣುತ್ತದೆ ಎಂದೂ ಹೇಳಿದರಂತೆ.

ತಪ್ಪು ಉತ್ತರ ಹೇಳುವವರು ಮನೆಯಲ್ಲಿ ಯಾರಿದ್ದಾರೆ ಎಂದು ಹುಡುಕಿದಳು. ನಾನು ಸಿಕ್ಕಿದೆ.

ದಿನಾ ಸಂಜೆ ಜಗಲಿಯ ಮೇಲೆ ಕೂರುತ್ತಿದ್ದೆವು. ನಾನು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುವುದು, ಅವಳು ಓದುವುದು. ಮೊದಲನೇ ದಿನ ಒಂದು ಕೆರೆಯ ಕಥೆ. ಆ ಕೆರೆಯಲ್ಲಿ ಹೂಳು ತುಂಬಿತು, ಯಾರೂ ತೆಗೆಸಲಿಲ್ಲ, ನೀರು ನಿಲ್ಲದೆ ಬತ್ತಿತು ಎಂದು ಬರೆದಿತ್ತು.

"ಅಜ್ಜಿ, ಕೆರೆ ಬತ್ತಿದ್ದು ಯಾಕೆ?"

"ಸುತ್ತಲೂ ಬೋರು ಕೊರ್ಸವ್ರಲ್ಲ, ಇನ್ನೇನು!"

"ಬೋರು ಎಲ್ಲಿ ಬಂತು? ನಾನು ಓದಿದ್ರಲ್ಲಿ ಬೋರು ಇತ್ತಾ?"

"ಅದ್ರಲ್ಲಿ ಇಲ್ದಿದ್ರೇನು, ನಮ್ಮೂರಲ್ಲಿ ಐತಲ್ಲ!"

"ನಮ್ಮೂರಿನ ಕೆರೆ ಅಲ್ಲ ಅಜ್ಜಿ ಇದು."

"ಎಲ್ಲಾ ಊರಿನ ಕೆರೆನೂ ಹಂಗೇ ಒಣ್ಗೋದು ಕಣೇ. ಬರ್ದೋನಿಗೆ ಗೊತ್ತಿಲ್ಲ, ಅದ್ಕೆ ನಾನ್ ಹೇಳ್ತಾ ಇರೋದು."

ಅವಳು ಹಣೆ ಚಚ್ಚಿಕೊಂಡು ನಗುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ಲೇಖಕರ ಅಭಿಪ್ರಾಯವೇನು ಎಂದು ಕೇಳಿದರೆ ಆ ಅಭಿಪ್ರಾಯ ತಪ್ಪು ಎನ್ನುತ್ತಿದ್ದೆ. ಮುಂದೇನಾಯಿತು ಎಂದು ಕೇಳಿದರೆ ಅಲ್ಲಿ ಬರೆಯದೆ ಇದ್ದ ಮದುವೆ, ಜಗಳ, ಕೋರ್ಟು ಎಲ್ಲ ಸೇರಿಸುತ್ತಿದ್ದೆ. ಅವಳು ಒಂದೊಂದನ್ನೂ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ನನ್ನ ತಪ್ಪುಗಳ ಪಟ್ಟಿಗೆ ಹೆಸರೂ ಇಟ್ಟಿದ್ದಳು. 'ಅಜ್ಜಿ ಆಪ್ಷನ್'! ನಾಲ್ಕು ಉತ್ತರಗಳಲ್ಲಿ ಒಂದು ಯಾವಾಗಲೂ ಅಜ್ಜಿ ಆಪ್ಷನ್ ಇರುತ್ತದಂತೆ. ಕೇಳಲು ಸರಿ, ಲೋಕದಲ್ಲೂ ಸರಿ, ಆದರೆ ಪ್ಯಾಸೇಜಿನಲ್ಲಿ ಇರುವುದಿಲ್ಲ. ಪ್ರಶ್ನೆ ಮಾಡುವವರು ಅದನ್ನು ಬೇಕೆಂದೇ ಇಡುತ್ತಾರೆ, ಅವಸರದವರು ಬೀಳಲಿ ಎಂದು.

ಒಂದು ತಿಂಗಳಾಗುವಷ್ಟರಲ್ಲಿ ನಾನೂ ಸ್ವಲ್ಪ ಕಲಿತೆ. ಕಲಿತ ಮೇಲೆ ಬೇರೆಯದೇ ಭಯ ಶುರುವಾಯಿತು. ಅರವತ್ತೆಂಟು ವರ್ಷ ನಾನು ಯಾರ ಮಾತನ್ನಾದರೂ ಇದ್ದ ಹಾಗೆ ಕೇಳಿದ್ದೇನೆಯೇ?

ನೋಡಿ, ಒಂದು ದಿನ ಸೊಸೆ ಗೀತಾ ಬಂದು "ಅತ್ತೆ, ಇವತ್ತು ಸಾರು ನಾನೇ ಮಾಡ್ತೀನಿ, ನೀವು ಕೂತ್ಕಳಿ" ಎಂದಳು. ನಾನು ಮುಖ ಊದಿಸಿಕೊಂಡು ಕೂತೆ. ನನ್ನ ಸಾರು ಇವಳಿಗೆ ರುಚಿಸುತ್ತಿಲ್ಲ, ನನ್ನ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದಾಳೆ, ಇನ್ನು ಆರು ತಿಂಗಳಿಗೆ ಅಡುಗೆಮನೆಗೇ ಬಿಡುವುದಿಲ್ಲ! ಸಹನಾ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಕೇಳಿದಳು: "ಅಜ್ಜಿ, ಪ್ಯಾಸೇಜಲ್ಲಿ ಏನಿತ್ತು?"

ಏನಿತ್ತು? ಸಾರು ಮಾಡುತ್ತೇನೆ, ಕೂತುಕೊಳ್ಳಿ ಎಂದಿತ್ತು. ಹಿಂದಿನ ದಿನ ನಾನೇ ಮಂಡಿ ನೋವು ಎಂದು ಕಿರುಚಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಹೇಳಿದಷ್ಟನ್ನೇ ಕೇಳಿಸಿಕೊಳ್ಳುವವರು ಒಬ್ಬರೇ, ಯಜಮಾನರು. ಸಕ್ಕರೆ ಕಾಯಿಲೆಗೆ ಡಾಕ್ಟರು "ಸಿಹಿ ಕಡಿಮೆ ಮಾಡಿ" ಎಂದರೆ "ಕಡಿಮೆ ಮಾಡಿ ಅಂದವ್ರೆ, ಬುಟ್ಬುಡಿ ಅಂತ ಎಲ್ಲಂದವ್ರೆ?" ಎಂದು ಹೋಳಿಗೆ ಅರ್ಧಕ್ಕೆ ಮುರಿದು, ಆ ಅರ್ಧ ತಿಂದು, ಆಮೇಲೆ ಇನ್ನರ್ಧವನ್ನೂ ತಿನ್ನುತ್ತಾರೆ. ಅವರನ್ನು ಪರೀಕ್ಷೆಗೆ ಕೂರಿಸಿದ್ದರೆ ಫಸ್ಟ್ ಕ್ಲಾಸ್.

ಹೀಗೆ ನಗುತ್ತಲೇ ಪ್ರಾಕ್ಟೀಸು ನಡೆಯಿತು. ಸಹನಾಳ ಮಾರ್ಕ್ಸು ಏರಿತು. ಆದರೆ ಒಳಗೆ ಯಾರಿಗೂ ನಗುವಿರಲಿಲ್ಲ. ಯಾಕೆಂದರೆ ಅವಳ ಅಪ್ಪ, ನನ್ನ ಮಗ ರಮೇಶ, ಒಂದು ಮಾತು ಹೇಳಿದ್ದ: "ಒಂದ್ಸಲ ಬರೀಲಿ. ಸೀಟು ಬಂದ್ರೆ ಎಷ್ಟು ದೂರ ಆದ್ರೂ ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ. ಸೀಟು ಬರ್ಲಿಲ್ಲ ಅಂದ್ರೆ ಶೆಟ್ಟಿಕೆರೆಯೋರಿಗೆ ಹೂಂ ಅನ್ನೋದೇ. ಎರಡನೇ ಸಲ, ಮೂರನೇ ಸಲ ಅಂತ ಕೂರಕ್ಕಾಗಲ್ಲ ಕಣವ್ವ."

ಶೆಟ್ಟಿಕೆರೆಯವರು ಹೆಣ್ಣು ಕೇಳಿದ್ದರು. ಹುಡುಗ ಒಳ್ಳೆಯವನೇ. ಮನೆಯೂ ಒಳ್ಳೆಯದೇ. ನನ್ನ ಮಗನೂ ಕೆಟ್ಟವನಲ್ಲ. ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದ ನನ್ನಪ್ಪನೂ ಕೆಟ್ಟವನಾಗಿರಲಿಲ್ಲ. ಅದೇ ನನ್ನ ಹೆದರಿಕೆ. ಕೆಟ್ಟವರು ಬಿಡಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ. ಹಾಲ್ ಟಿಕೆಟ್ಟು, ಆಧಾರ್ ಕಾರ್ಡು, ಫೋಟೋ ಎಲ್ಲ ಒಂದು ಕವರಿಗೆ ಹಾಕಿ ನಾಲ್ಕು ಸಲ ತೆಗೆದು ನೋಡಿ ಮತ್ತೆ ಹಾಕಿದ್ದಾಯಿತು. ಸಹನಾ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಳು. ಕೈ ಮುಟ್ಟಿದರೆ ತಣ್ಣಗೆ.

"ಅಜ್ಜಿ, ನಂಗೇನೂ ನೆನಪಾಗ್ತಿಲ್ಲ. ಎಲ್ಲ ಮರ್ತೋದಂಗೆ ಆಗ್ತಿದೆ."

ನನ್ನ ಜೀವ ಬಾಯಿಗೆ ಬಂತು. ಏನಾದರೂ ಹೇಳಬೇಕಲ್ಲ? ಅಜ್ಜಿಯರು ಏನು ಹೇಳುತ್ತಾರೋ ಅದನ್ನೇ ಹೇಳಿದೆ. "ನಿಂಗೆ ಗೊತ್ತಿರೋದು ಆ ಪ್ರಶ್ನೆ ಬರ್ದೋರ್ಗೂ ಗೊತ್ತಿರಲ್ಲ ಕಣವ್ವ. ಹೆದ್ರಬ್ಯಾಡ. ತಲೇಲಿ ಫಸ್ಟು ಏನ್ ಬತ್ತದೋ ಅದ್ನೇ ಒತ್ತು. ಜಾಸ್ತಿ ಯೋಚ್ನೆ ಮಾಡ್ತಾ ಕೂರಬ್ಯಾಡ."

ಅವಳು ಹೂಂ ಎಂದಳು. ಎರಡು ತುತ್ತು ತಿಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ದೊಡ್ಡ ಕೆಲಸ ಮಾಡಿದವಳ ಹಾಗೆ ಎದ್ದು ಹೋಗಿ ಇನ್ನೊಂದು ಸೌಟು ಮಜ್ಜಿಗೆ ತಂದು ಬಡಿಸಿದೆ.

ಈಗ ಗೊತ್ತಾಯಿತಲ್ಲ, ಗೇಟಿನ ಮುಂದೆ ನನಗೆ ಯಾಕೆ ನಗು ಬರಲಿಲ್ಲ ಎಂದು? ಎರಡು ತಿಂಗಳು ಮೇಡಂ ಏನನ್ನು ಬೇಡ ಬೇಡ ಎಂದು ತಿದ್ದಿದ್ದರೋ, ಅದನ್ನೇ ಮಾಡು ಎಂದು ಹಿಂದಿನ ದಿನ ಹೇಳಿಕೊಟ್ಟವಳು ನಾನು.

ಗೇಟಿನ ಹತ್ತಿರ ಯಜಮಾನರು ಬಿಡದೆ ಕೇಳಿದರು. "ಏನಂತ ಬರ್ದಿದ್ರವ್ವ ಕೊಬ್ರಿ ವಿಷ್ಯ?"

"ಕಾಯಿ ಎರಡು ಹೋಳು ಮಾಡಿ ಬಿಸಿಲಿಗೆ ಹಾಕಿದ್ರೆ ವಾರಕ್ಕೆ ಕೊಬ್ಬರಿ ಆಗುತ್ತಂತೆ ತಾತ!"

"ವಾರಕ್ಕಾ! ಯಾವನ್ಲಾ ಅದು ಬರ್ದೋನು? ಕರ್ಕೊಂಡ್ ಬಾ ನಮ್ಮನೆ ಅಟ್ಟಕ್ಕೆ!"

ತಾತ ಮೊಮ್ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು.

ಬೇರೆ ಕಡೆಯ ಓದುಗರಿಗೆ ಹೇಳಬೇಕು. ಸಮುದ್ರದ ಕಡೆ ಕಾಯಿ ಹೋಳು ಮಾಡಿ ಒಣಗಿಸುತ್ತಾರಂತೆ, ಅಲ್ಲಿ ವಾರಕ್ಕೆ ಆಗುತ್ತದೆಯಂತೆ. ನಮ್ಮಲ್ಲಿ ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಅದಕ್ಕೆ ಹೆಚ್ಚು ಕಡಿಮೆ ಒಂದು ವರ್ಷ. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆ ತೆಗೆಯುತ್ತೇವೆ. ನಮ್ಮ ಕಡೆಯ ಮಗುವಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅಟ್ಟದ ಕೆಳಗೆ ಹುಟ್ಟಿ, ಅಟ್ಟದ ಕೆಳಗೆ ಮಲಗಿ, ಅದೇ ವಾಸನೆಯಲ್ಲಿ ಬೆಳೆದವಳಿಗೆ 'ಕೊಬ್ಬರಿಯಾಗಲು ಎಷ್ಟು ಕಾಲ ಬೇಕು' ಎಂದು ಕೇಳಿದರೆ ತಲೆಯಲ್ಲಿ ಮೊದಲು ಏನು ಬರುತ್ತದೆ?

ಒಂದು ವರ್ಷ! ಇನ್ನೇನು ಬರುತ್ತದೆ?

ಆ ಪ್ರಶ್ನೆಯನ್ನೂ ಕೇಳಿದ್ದರಂತೆ. ಬಸ್ಸಿನಲ್ಲಿ ಬರುವಾಗ ತಾತನಿಗೆ ಹೇಳುತ್ತಿದ್ದಳು. ನಾಲ್ಕು ಉತ್ತರ. ಎರಡು ದಿನ, ಒಂದು ವಾರ, ಆರು ತಿಂಗಳು, ಒಂದು ವರ್ಷ. ನಾನು ಕಿಟಕಿಯ ಕಡೆ ತಿರುಗಿಕೊಂಡು ಕೇಳುತ್ತಿದ್ದೆ. ಅವಳು ಯಾವುದನ್ನು ಒತ್ತಿದೆ ಎಂದು ಹೇಳಲಿಲ್ಲ. ತಾತ ಕೇಳಲೂ ಇಲ್ಲ. ಅವರಿಗೆ ಅನುಮಾನವೇ ಇಲ್ಲವಲ್ಲ, ಒಂದು ವರ್ಷ ಅಂತ!

ನಾನು ಯಾಕೆ ಕೇಳಲಿಲ್ಲ? ಎರಡು ದಿನ ಬಿಟ್ಟು ಇನ್ನೊಂದು ಪೇಪರಿತ್ತು. ಮುಗಿದ ಪೇಪರಿನ ಸುದ್ದಿ ಎತ್ತಬೇಡಿ, ಮಗುವಿನ ಧೈರ್ಯ ಹೋಗುತ್ತದೆ ಎಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಅದು ಮೊದಲ ಎರಡು ದಿನದ ಕಾರಣ. ಆಮೇಲೆ ಎಲ್ಲ ಪೇಪರು ಮುಗಿದವು. ಆಗಲೂ ಕೇಳಲಿಲ್ಲ. ಅದಕ್ಕೆ ಕಾರಣ ಬೇರೆ. ಕೇಳಿ, ಅವಳು "ನೀನೇ ಹೇಳಿದ್ಯಲ್ಲ ಅಜ್ಜಿ" ಎಂದುಬಿಟ್ಟರೆ?

ಆ ಮಾತನ್ನು ಯೋಚಿಸಿಯೇ ನನಗೆ ಬೆವರು ಬರುತ್ತಿತ್ತು. ಮಧ್ಯಾಹ್ನ ಮಲಗಿದ್ದಾಗ ಅಟ್ಟದ ಮೇಲೆ ಇಲಿ ಓಡಿ ಒಂದು ಕಾಯಿ ಉರುಳಿದರೂ ಎದ್ದು ಕೂರುತ್ತಿದ್ದೆ. ಅಟ್ಟದಲ್ಲಿರುವ ಕಾಯಿಯೆಲ್ಲ 'ಒಂದು ವರ್ಷ, ಒಂದು ವರ್ಷ' ಎನ್ನುತ್ತಿರುವ ಹಾಗೆ. ಗೀತಾ ಕೇಳಿದಳು, "ಯಾಕತ್ತೆ, ಬಿ.ಪಿ. ಮಾತ್ರೆ ತಗೊಂಡ್ರಾ?" ತೆಗೆದುಕೊಂಡಿದ್ದೆ. ಈ ಭಯಕ್ಕೆ ಮಾತ್ರೆ ಎಲ್ಲಿದೆ?

ಯಜಮಾನರೋ, ತಿಪಟೂರಿಗೆ ಹೋದಾಗಲೆಲ್ಲ ಸಿಕ್ಕಿದವರಿಗೆಲ್ಲ ಸುದ್ದಿ ಹಂಚಿ ಬರುತ್ತಿದ್ದರು. "ನಮ್ ಹುಡ್ಗಿಗೆ ಎಂಟ್ರೆನ್ಸಲ್ಲಿ ಕೊಬ್ರಿನೇ ಬಂದಿತ್ತಂತೆ ಕಣಪ್ಪ!" ಮಾರ್ಕೆಟ್ಟಿನಲ್ಲಿ ಎಲ್ಲರೂ "ಹಂಗಾದ್ರೆ ಸೀಟು ಬಂದಂಗೇ ಬುಡು ಗೌಡ" ಎಂದರಂತೆ. ಒಬ್ಬರಾದರೂ 'ಅದರಲ್ಲಿ ಏನು ಬರೆದಿತ್ತು' ಎಂದು ಕೇಳಲಿಲ್ಲವಂತೆ. ಇಡೀ ತಾಲ್ಲೂಕೇ ಅಜ್ಜಿ ಆಪ್ಷನ್ ಒತ್ತುತ್ತಿತ್ತು.

ಅಷ್ಟರಲ್ಲಿ ಸರಿಯುತ್ತರಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಯಾರು ಯಾವುದನ್ನು ಒತ್ತಿದ್ದರು ಎಂಬುದೂ ಅದರಲ್ಲೇ ಸಿಗುತ್ತದಂತೆ. ಸಹನಾ ಮೊಬೈಲು ಹಿಡಿದುಕೊಂಡು ನೀರಿನ ತೊಟ್ಟಿಯ ಹತ್ತಿರ ಬಹಳ ಹೊತ್ತು ಕೂತಿದ್ದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳು ಎದ್ದಳು, ಮುಖ ತೊಳೆದುಕೊಂಡಳು, ಒಳಗೆ ಬಂದಳು.

"ಎಲ್ಲ ಸರಿ ಇದೆ ಅಜ್ಜಿ. ಹಸಿವಾಗ್ತಿದೆ, ಏನಿದೆ ತಿನ್ನಕ್ಕೆ?"

ನನಗೆ ಅಲ್ಲಿಯೇ ಕೂತು ಅತ್ತುಬಿಡುವ ಹಾಗಾಯಿತು. ಅಷ್ಟು ದಿನದ ಭಾರ ಒಂದೇ ಮಾತಿಗೆ ಇಳಿಯಿತು. ರೊಟ್ಟಿ ತಟ್ಟಿದೆ, ಹುಚ್ಚೆಳ್ಳು ಚಟ್ನಿ ಅರೆದೆ. ಅವಳು ತಿನ್ನುವುದನ್ನು ನೋಡುತ್ತಾ ಕೂತೆ. ಮೂರು ರೊಟ್ಟಿ ತಿಂದಳು. ಎಲ್ಲ ಸರಿ ಇದ್ದವಳು ತಾನೇ ಮೂರು ರೊಟ್ಟಿ ತಿನ್ನುವುದು?

ಆದರೆ ಸೀಟು ಸಿಕ್ಕಿದವರ ಮೊದಲನೇ ಪಟ್ಟಿ ಬಂದಾಗ ಸಹನಾಳ ಹೆಸರಿರಲಿಲ್ಲ.

"ಇನ್ನೂ ಪಟ್ಟಿ ಬರುತ್ತೆ" ಎಂದಳು. ಎರಡನೇ ಪಟ್ಟಿ ಬಂತು. ಅದರಲ್ಲೂ ಇಲ್ಲ. ಎಲ್ಲ ಸರಿ ಇದ್ದ ಮೇಲೆ ಹೆಸರು ಯಾಕಿಲ್ಲ? ಯಾರನ್ನು ಕೇಳುವುದು? ಕಂಪ್ಯೂಟರೇ ತಪ್ಪು ಮಾಡಿತೇ? ಅವಳ ಹೆಸರಿನವಳೇ ಇನ್ನೊಬ್ಬಳು ಇದ್ದಳೇ? ಒಂದು ತಲೆಗೆ ಎಷ್ಟು ಹೆದರಿಕೆ ಹಿಡಿಸುತ್ತದೋ ಅಷ್ಟನ್ನೂ ತುಂಬಿಕೊಂಡೆ. ಅವತ್ತು ರಮೇಶನ ಫೋನು ಹೊಡೆದುಕೊಂಡಾಗ ಅವನು ಹೆಸರು ನೋಡಿ, ನನ್ನನ್ನು ನೋಡಿ, ಅಂಗಳಕ್ಕೆ ಹೋಗಿ ಮಾತಾಡಿದ. ಶೆಟ್ಟಿಕೆರೆಯವರು. "ಇನ್ನೊಂದ್ ವಾರ ತಡೀರಿ, ಹೇಳ್ತೀನಿ" ಎಂದದ್ದು ನನಗೆ ಕೇಳಿಸಿತು. ಒಂದು ವಾರ!

ಆ ವಾರ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಯಜಮಾನರು ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟರು. ಸಹನಾ ಮಾತ್ರ ಎಂದಿನ ಹಾಗೆ ಹೂ ಕಿತ್ತಳು, ಪಾತ್ರೆ ತೊಳೆದಳು, ತಂಗಿಗೆ ಜಡೆ ಹಾಕಿದಳು. ಎಂಥ ಗಟ್ಟಿ ಹುಡುಗಿ, ಏನೂ ಹೆದರಿಕೆಯಿಲ್ಲ ಎಂದುಕೊಂಡೆ.

ಮೂರನೇ ಪಟ್ಟಿ ಬಂತು.

ಹೆಸರಿತ್ತು!

ಹೆಸರಿತ್ತು ಕಣ್ರೀ! ಈಗ ಕೇಳಿ, ಎಷ್ಟು ಬೇಕಾದರೂ ಕೇಳಿ, ಸೀಟು ಸಿಕ್ಕಿತು! ನಮ್ಮ ವಂಶದಲ್ಲಿ ಕಾಲೇಜು ಹಾಸ್ಟೆಲಿನ ಮೆಟ್ಟಿಲು ಹತ್ತುವ ಮೊದಲ ಹೆಣ್ಣುಮಗಳು. ರಮೇಶ ಮೊಬೈಲಿನಲ್ಲಿ ಅಕ್ಷರವನ್ನು ಮೂರು ಸಲ ದೊಡ್ಡದು ಮಾಡಿ ನೋಡಿದ. ಆಮೇಲೆ ತೋಟದ ಕಡೆ ಹೋದ. ಕಣ್ಣು ಒರೆಸಿಕೊಳ್ಳಲು ಗಂಡಸರಿಗೆ ತೋಟವೇ ಬೇಕು. ಯಜಮಾನರು ಅವತ್ತೇ ತಿಪಟೂರಿಗೆ ಹೋದರು. ನಾನು ಕೊಬ್ಬರಿ ಮಿಠಾಯಿ ಮಾಡಿ ಬೀದಿಗೆಲ್ಲ ಹಂಚಿದೆ. ಮಾರನೇ ದಿನ ಹಾಲ್ಕುರಿಕೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಿಗೂ ಕೊಟ್ಟೆ. ಆತ ಯಾಕೆ ಎಂದು ಕೇಳಲೂ ಇಲ್ಲ, ನಾನೇ ಎಲ್ಲ ಹೇಳಿದೆ. ಎರಡು ಸ್ಟಾಪು ಹೇಳಿದೆ. ನನ್ನ ಪಕ್ಕದ ಸೀಟಿನವರು ಎದ್ದು ಹಿಂದೆ ಹೋದರು. ಹೋಗಲಿ ಬಿಡಿ.

ಆ ಸಂತೋಷದಲ್ಲಿ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಮೊನ್ನೆ ಸಹನಾಳ ಬಟ್ಟೆ ಮಡಿಸುತ್ತಾ ಕೂತಿದ್ದೆವು. ನಾನೇ ಎತ್ತಿದೆ.

"ಅಲ್ಲ ಕಣೇ, ನಂಗೆಷ್ಟು ಭಯ ಆಗಿತ್ತು ಗೊತ್ತಾ? ಎಲ್ಲಿ ವರ್ಷ ಅಂತ ಒತ್ಬುಟ್ಟಿದೀಯೋ ಅಂತ. ಸದ್ಯ, ವಾರ ಅಂತ ಒತ್ತಿದ್ಯಲ್ಲ. ಜಾಣೆ."

ಅವಳು ಮಡಿಸುತ್ತಿದ್ದ ಚೂಡಿದಾರವನ್ನು ಬಿಚ್ಚಿ ಮತ್ತೆ ಮಡಿಸಿದಳು.

"ವರ್ಷ ಅಂತಲೇ ಒತ್ತಿದ್ದೆ ಅಜ್ಜಿ."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟೆ.

"ಅದು ತಪ್ಪು ಅಂತ ಯಾವಾಗ ಗೊತ್ತಾಯ್ತವ್ವ?"

"ಟೈಮ್ ಮುಗಿದು ಸ್ಕ್ರೀನ್ ಆಫ್ ಆಯ್ತಲ್ಲ, ಅವಾಗ್ಲೇ. ಅಷ್ಟು ದಿನ ನಿನ್ನ ತಪ್ಪನ್ನೇ ಬರ್ಕೊಂಡು ಬರ್ಕೊಂಡು, ಕೊನೆಗೆ ನಾನೇ ಒತ್ತಿದೆ ನೋಡು."

"ಮತ್ತೆ ಗೇಟ್ ಹತ್ರ ನಕ್ಕಂಡು ಬಂದ್ಯಲ್ಲೇ!"

"ನೀನು ಬಿಸಿಲಲ್ಲಿ ಸೆರಗು ಮುದುರಿ ಹಿಡ್ಕಂಡು ಹಂಗೆ ನಿಂತಿದ್ದೆ. ನಾನು ನಗದೇ ಇದ್ದಿದ್ರೆ ಅತ್ತುಬಿಡ್ತಿದ್ದೆ. ನಾನು ಅತ್ತಿದ್ರೆ ನೀನು ಅಲ್ಲೇ ಬಿದ್ದೋಗ್ತಿದ್ದೆ."

ಅಂದರೆ ಗೇಟಿನಿಂದ ಹಿಡಿದು ಮೂರನೇ ಪಟ್ಟಿಯವರೆಗೆ ಅವಳು ಒಬ್ಬಳೇ ಹೆದರಿಕೊಂಡಿದ್ದಳು. ತೊಟ್ಟಿಯ ಹತ್ತಿರ ಕೂತಿದ್ದಾಗ ನೋಡಿದ್ದು ಆ ತಪ್ಪನ್ನೇ. ಮುಖ ತೊಳೆದುಕೊಂಡದ್ದು ಯಾಕೆ ಎಂದು ಈಗ ತಿಳಿಯಿತು. 'ಎಲ್ಲ ಸರಿ ಇದೆ' ಎಂದಳು, ನಾನು ನಂಬಿದೆ. ಮೂರು ರೊಟ್ಟಿಯನ್ನು ಹೇಗೆ ನುಂಗಿದಳೋ.

ಕೊನೆಗೂ ಕೇಳಿಯೇಬಿಟ್ಟೆ. "ನಾನ್ ಹೇಳಿದ್ದಕ್ಕಾ? ತಲೇಲಿ ಫಸ್ಟು ಬಂದಿದ್ದು ಒತ್ತು ಅಂದಿದ್ದಕ್ಕಾ?"

"ಅಯ್ಯೋ, ಅದೆಲ್ಲ ನೆನಪೇ ಇರಲಿಲ್ಲ ಕಣಜ್ಜಿ. ಓದ್ತಾ ಓದ್ತಾ ನಮ್ಮನೆ ಅಟ್ಟದ ವಾಸನೆ ಬಂದಂಗಾಯ್ತು. ಕೈ ಹೋಗ್ಬಿಡ್ತು. ನಿಂದೇನಿಲ್ಲ."

ಹೀಗೆ ಹೇಳಿ ನಕ್ಕಳು. ಗೇಟಿನ ಹತ್ತಿರ ನಕ್ಕಿದ್ದಳಲ್ಲ, ಅದೇ ನಗು.

ನಾನು ಅವಳ ಮುಖವನ್ನೇ ನೋಡಿದೆ. ನಿಜ ಹೇಳುತ್ತಿದ್ದಾಳೆಯೇ? ಮುದುಕಿಯ ಮನಸ್ಸಿಗೆ ನೋವಾಗಬಾರದು ಎಂದು ಇನ್ನೊಂದು 'ಎಲ್ಲ ಸರಿ ಇದೆ' ಹೇಳುತ್ತಿದ್ದಾಳೆಯೇ? ನಾಲ್ಕು ಆಪ್ಷನ್ ಕೂಡ ಇಲ್ಲ, ಎರಡೇ. ನನಗೆ ಒಂದನ್ನೂ ಒತ್ತಲಾಗಲಿಲ್ಲ. ಸುಮ್ಮನೆ ತಲೆ ಸವರಿದೆ. ಅವಳೂ ಸುಮ್ಮನೆ ಸವರಿಸಿಕೊಂಡಳು.

ಮೇಡಂ ಕಲಿಸಿದ ಪಾಠ ಸುಳ್ಳಲ್ಲ. ಇಲ್ಲದ್ದನ್ನು ಸೇರಿಸಿ ಓದುವ ನನ್ನ ಚಾಳಿಯಿಂದ ಎಷ್ಟು ಜಗಳ ಆಡಿದ್ದೇನೋ ಲೆಕ್ಕವಿಲ್ಲ. ಸೊಸೆಯ ಸಾರಿನ ವಿಷಯದಲ್ಲಿ ಆ ಪಾಠ ನನ್ನನ್ನು ಉಳಿಸಿತು, ಮುಂದೆಯೂ ಉಳಿಸಲಿ. ಆದರೆ ಅದೇ ಪಾಠವನ್ನು ಹಿಡಿದುಕೊಂಡು, ಕಣ್ಣೆದುರಿಗೆ ಹೆದರಿ ಒಣಗುತ್ತಿದ್ದ ಮಗುವನ್ನು ಗಟ್ಟಿ ಹುಡುಗಿ ಎಂದು ನಂಬಿ ಕೂತೆನಲ್ಲ!

ಬರುವ ಸೋಮವಾರ ರಮೇಶ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬರುತ್ತಾನೆ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿಯ ದಾರಿಯಂತೆ. ಸಂತೋಷದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಭಯವೂ ಬಿಡುತ್ತಿಲ್ಲ. ಊಟ ಹೇಗಿರುತ್ತದೋ, ಜೊತೆಯವರು ಹೇಗಿರುತ್ತಾರೋ, ಜ್ವರ ಬಂದರೆ ಯಾರು ನೋಡುತ್ತಾರೋ. ದಿನಾ ಸಂಜೆ ಫೋನ್ ಮಾಡುತ್ತೇನೆ ಎಂದಿದ್ದಾಳೆ. ಏನು ಹೇಳುತ್ತಾಳೆ ಎಂದು ನನಗೆ ಈಗಲೇ ಗೊತ್ತು.

'ಚೆನ್ನಾಗಿದೀನಿ ಅಜ್ಜಿ, ಊಟ ಆಯ್ತು' ಎಂಬ ಅಷ್ಟು ಚಿಕ್ಕ ಪ್ಯಾಸೇಜನ್ನು ನಾನು ಹೇಗೆ ಓದಲಿ, ನೀವೇ ಹೇಳಿ?